ಆಲ್ಫ್ರೆಡ್ ವಿನ್ಸ್ಲೋ ಜೋನ್ಸ್: ಮೊದಲ ಹೆಡ್ಜ್ ಫಂಡ್ ಮತ್ತು ಅದರ ಲೆಕ್ಕ

ಬದುಕಿನ ಕಥೆ ಬೇಗ ಮುಗಿಸುತ್ತೇನೆ, ತಲೆ ತಿನ್ನುವುದು ಲೆಕ್ಕ. ಜೋನ್ಸ್ ಹುಟ್ಟಿದ್ದು 1900ರಲ್ಲಿ, ಮೆಲ್ಬರ್ನ್‌ನಲ್ಲಿ. ತಂದೆ-ತಾಯಿ ಅಮೆರಿಕದವರು. 1923ರಲ್ಲಿ ಹಾರ್ವರ್ಡ್ ಪದವಿ, ಆಮೇಲೆ ಬರ್ಲಿನ್‌ನ ಅಮೆರಿಕನ್ ರಾಯಭಾರ ಕಚೇರಿಯಲ್ಲಿ ಕೆಲಸ, 1941ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಿಂದ ಸಮಾಜಶಾಸ್ತ್ರದಲ್ಲಿ ಪಿಎಚ್‌ಡಿ. ಹೌದು, ಅರ್ಥಶಾಸ್ತ್ರ ಅಲ್ಲ! ನಂತರ ಫಾರ್ಚ್ಯೂನ್ ಪತ್ರಿಕೆಗೆ ಬರೆದರು. ಷೇರುಪೇಟೆಯ ಭವಿಷ್ಯ ಹೇಳುವವರ ಬಗ್ಗೆ 1949ರಲ್ಲಿ ಒಂದು ಲೇಖನ ಬರೆದರು. ಅದೇ ವರ್ಷ ಸ್ನೇಹಿತರ ಜೊತೆ 1,00,000 ಡಾಲರ್‌ನ ಪಾಲುದಾರಿಕೆ ಶುರು ಮಾಡಿದರು. ಮೊದಲ ಹೆಡ್ಜ್ ಫಂಡ್ ಎನ್ನುವುದು ಇದನ್ನೇ (ಹೆಡ್ಜ್ ಎಂದರೆ ಬೇಲಿ, ನಷ್ಟಕ್ಕೆ ಹಾಕುವ ತಡೆ). ಅದರಲ್ಲಿ 40,000 ಅವರದೇ.

ಈಗ ಲೆಕ್ಕ. ಪೇಟೆ ಏರುತ್ತೋ ಇಳಿಯುತ್ತೋ ಹೇಳುವುದು ಕಷ್ಟ, ಆದರೆ ಯಾವ ಷೇರು ಉಳಿದವಕ್ಕಿಂತ ಒಳ್ಳೆಯದು ಎಂದು ಹೇಳುವುದು ಅಷ್ಟು ಕಷ್ಟವಲ್ಲ. ಜೋನ್ಸ್ ನಂಬಿದ್ದು ಇದನ್ನು. ಹಾಗಾಗಿ ಒಳ್ಳೆಯ ಷೇರು ಕೊಂಡರು (ಲಾಂಗ್). ಕೆಟ್ಟದ್ದನ್ನು ಸಾಲ ತಂದು ಮಾರಿದರು, ಬೆಲೆ ಇಳಿದ ಮೇಲೆ ಕೊಂಡು ವಾಪಸ್ ಕೊಡುವ ಲೆಕ್ಕದಲ್ಲಿ (ಶಾರ್ಟ್). ಜೊತೆಗೆ ಸಾಲದ ಹಣವನ್ನೂ ಹೂಡಿದರು.

ಸಾಲ ಮಾಡಿದರೆ ಅಪಾಯ ಜಾಸ್ತಿ ಆಗಬೇಕಲ್ವಾ? ಎಲ್ಲರೂ ಎಡವುವುದು ಇಲ್ಲೇ. ಬಂಡವಾಳ 100 ಡಾಲರ್ ಎನ್ನಿ. ಲಾಂಗ್ 110, ಶಾರ್ಟ್ 80. ಒಟ್ಟು 190 ಡಾಲರ್ ಆಟದಲ್ಲಿದೆ. ಆದರೆ ಪೇಟೆಗೆ ಒಡ್ಡಿಕೊಂಡದ್ದು 110 ಕಳೆ 80, ಅಂದರೆ 30 ಮಾತ್ರ. ಪೇಟೆ 20% ಬಿತ್ತು, ನಮ್ಮ ಷೇರುಗಳೂ ಅಷ್ಟೇ ಬಿದ್ದವು. ಲಾಂಗ್‌ನಲ್ಲಿ 22 ಹೋಯಿತು, ಶಾರ್ಟ್‌ನಲ್ಲಿ 16 ಬಂತು. ನಷ್ಟ 6. ಸುಮ್ನೆ ಪೂರ್ತಿ 100 ಹೂಡಿ ಕೂತಿದ್ದರೆ 20 ಹೋಗುತ್ತಿತ್ತು.

ಆಯ್ಕೆ ಚೆನ್ನಾಗಿದ್ದರೆ? ಲಾಂಗ್ 15% ಮಾತ್ರ ಬಿತ್ತು, ಶಾರ್ಟ್ 25% ಬಿತ್ತು. ನಷ್ಟ 16.5, ಲಾಭ 20. ಪೇಟೆ ಮುಳುಗಿದ ವರ್ಷವೂ 3.5 ಕೈಗೆ. ಆಯ್ಕೆ ತಲೆಕೆಳಗಾದರೆ, ಲಾಂಗ್ 25% ಬಿದ್ದು ಶಾರ್ಟ್ 15% ಮಾತ್ರ ಬಿದ್ದರೆ, 15.5 ನಷ್ಟ. ಪೇಟೆಯ ಅಪಾಯ ಕಡಿಮೆಯಾಯಿತು, ಆಯ್ಕೆಯ ಅಪಾಯ ದೊಡ್ಡದಾಯಿತು. ನನ್ನ ಶಾರ್ಟ್‌ಕಟ್: ಲಾಂಗ್ ಕಳೆ ಶಾರ್ಟ್, ಭಾಗಿಸು ಬಂಡವಾಳ. ಪೇಟೆ ಏನು ಮಾಡಬಹುದು ಎಂದು ಅದು ಹೇಳುತ್ತದೆ. ಲಾಂಗ್ ಕೂಡಿಸು ಶಾರ್ಟ್: ನಾವೇ ಏನು ಹಾಳು ಮಾಡಿಕೊಳ್ಳಬಹುದು ಎಂದು ಅದು ಹೇಳುತ್ತದೆ. ಎರಡನ್ನೂ ನೋಡಿ. ಪೇಟೆಗಿಂತ ಜೋರಾಗಿ ಏರಿಳಿಯುವ ಷೇರುಗಳೂ ಇರುತ್ತವೆ. ಆ ವೇಗವನ್ನೂ ಜೋನ್ಸ್ ಅಳೆಯುತ್ತಿದ್ದರು.

1952ರಲ್ಲಿ ಪಾಲುದಾರಿಕೆ ಲಿಮಿಟೆಡ್ ಆಯಿತು, ಅಂದರೆ ಹಣ ಹಾಕಿದವರ ಹೊಣೆ ಅವರು ಹಾಕಿದಷ್ಟಕ್ಕೇ ಸೀಮಿತ. ಲಾಭದಲ್ಲಿ 20% ಜೋನ್ಸ್ ಪಾಲು. ಲಾಭವಿಲ್ಲದಿದ್ದರೆ ಅದೂ ಇಲ್ಲ. ನಂತರ ಬಂದ ಅನೇಕ ಹೆಡ್ಜ್ ಫಂಡುಗಳು ಆ 20% ಇಟ್ಟುಕೊಂಡು, ಪ್ರತಿ ವರ್ಷದ ನಿರ್ವಹಣಾ ಶುಲ್ಕವನ್ನೂ ಸೇರಿಸಿಕೊಂಡವು.

1966ರಲ್ಲಿ ಫಾರ್ಚ್ಯೂನ್‌ನಲ್ಲೇ ಜೋನ್ಸ್ ಬಗ್ಗೆ ಪತ್ರಕರ್ತೆ ಕ್ಯಾರೊಲ್ ಲೂಮಿಸ್ ಬರೆದ ಮೇಲೆ ನಕಲು ಮಾಡುವವರು ಸಾಲುಗಟ್ಟಿದರು. ಪೇಟೆ ಏರುವಾಗ ಶಾರ್ಟ್ ಸುಮ್ನೆ ನಷ್ಟ ತರುತ್ತದೆ, ಹಾಗಾಗಿ ಬಹಳ ಜನ ಅದನ್ನು ಬಿಟ್ಟರು, ಸಾಲ ಮಾತ್ರ ಉಳಿಸಿಕೊಂಡರು. ಮೇಲಿನ ಲೆಕ್ಕದಲ್ಲಿ 80 ತೆಗೆದು ನೋಡಿ: ಪೇಟೆ 20% ಬಿದ್ದರೆ 22 ಪೂರ್ತಿ ಹೋಗುತ್ತದೆ. 1969–70ರಲ್ಲೂ, 1973–74ರಲ್ಲೂ ಅಂಥವರಲ್ಲಿ ಹಲವರು ಬಾಗಿಲು ಹಾಕಿದ್ದು ಹೀಗೆ.