ಮೂಗುಬೊಟ್ಟಿಗೆ ಜಾಗವಿಲ್ಲದ ಮುಖ

ಅನಿಮೇಷನ್ ವಿದ್ಯಾರ್ಥಿಗಳಿಗೆ ಪಾತ್ರಗಳ ಚಿತ್ರ ಬರೆಯುವುದನ್ನು ಕಲಿಸುತ್ತೇನೆ. ಹೊಸ ತಂಡ ಬಂದ ಮೊದಲ ವಾರದಲ್ಲೇ ಒಬ್ಬರಾದರೂ ಕೇಳುತ್ತಾರೆ: "ಸರ್, ಜಪಾನಿಯರು ತಮ್ಮ ಕಾರ್ಟೂನು, ಕಾಮಿಕ್ಸ್‌ಗಳಲ್ಲಿ ದೊಡ್ಡ ಕಣ್ಣು, ಹಳದಿ ಕೂದಲು ಇಟ್ಟು ತಮ್ಮನ್ನು ಬಿಳಿಯರಂತೆ ಯಾಕೆ ಬರೆದುಕೊಳ್ಳುತ್ತಾರೆ?" ಮಕ್ಕಳನ್ನು ಸೇರಿಸಲು ಬಂದ ತಂದೆತಾಯಿಯರೂ ಕೇಳುವುದುಂಟು. ಹೇಳಿ ಹೇಳಿ ಗಂಟಲು ಒಣಗಿದೆ. ಅವರು ಬಿಳಿಯರನ್ನು ಬರೆದಿಲ್ಲ.

ಯಾವ ಯುರೋಪಿನವನ ಕಣ್ಣು ಅರ್ಧ ಕೆನ್ನೆಯವರೆಗೆ ಇಳಿದಿರುತ್ತದೆ? ನಮ್ಮ ಮೈಸೂರು ಶೈಲಿಯ ಚಿತ್ರಗಳಲ್ಲಿ ದೇವಿಯ ಕಣ್ಣು ಕಿವಿಯತ್ತ ಚಾಚಿಕೊಂಡಿರುತ್ತದೆ. ಅದನ್ನು ನೋಡಿ ಇವಳು ಯಾವ ದೇಶದವಳು ಎಂದು ಯಾರೂ ಕೇಳಿಲ್ಲ. ಜಪಾನಿನಲ್ಲಿ 1930ರ ದಶಕದ ಹುಡುಗಿಯರ ಪತ್ರಿಕೆಗಳಿಗೆ ಚಿತ್ರಕಾರ ನಕಹರ ಜುನ್‌ಇಚಿ ಬರೆದ ಮುಖಗಳಲ್ಲಿಯೇ ಕಣ್ಣು ಅರಳಿತ್ತು. ಜಪಾನಿನ ಹೆಸರಾಂತ ಕಾಮಿಕ್ಸ್ ಕಲಾವಿದ ತೆಜುಕಾ ಒಸಾಮು ದೊಡ್ಡ ಕಣ್ಣನ್ನು ಅಮೆರಿಕದ ಕಾರ್ಟೂನುಗಳಿಂದ ಕಲಿತದ್ದು ನಿಜ. ತಾವು ಬೆಳೆದ ತಕರಜುಕಾ ಊರಿನ ಮಹಿಳಾ ರಂಗತಂಡದ ಕಣ್ಣಿನ ಬಣ್ಣಗಾರಿಕೆಯೂ ಅವರ ಮೇಲೆ ಅಷ್ಟೇ ಪ್ರಭಾವ ಬೀರಿತ್ತು. 1963ರ ಜನವರಿ 1ರಂದು ಅವರ ಪುಟ್ಟ ರೋಬೋ ಹುಡುಗ 'ಆಟಮ್' ಟಿವಿಗೆ ಬಂದಾಗ ವಾರಕ್ಕೊಂದು ಕಂತು ಮುಗಿಸಬೇಕಿತ್ತು, ಹಣವೂ ಕಡಿಮೆ. ಹಾಗಾಗಿ ಮೈ ಅಲುಗಾಡದೆ ನಿಂತಿದ್ದರೂ ಕಣ್ಣು, ಬಾಯಿಗಳಿಂದಲೇ ಭಾವ ಹೊರಡಬೇಕಾಯಿತು. ಅದೇ ದೇಶದಲ್ಲಿ 1969ರಿಂದ ಇಂದಿನವರೆಗೆ ಓಡುತ್ತಿರುವ 'ಸಜಾಎ-ಸಾನ್' ಕಾರ್ಟೂನ್ ಧಾರಾವಾಹಿಯ ಮನೆಮಂದಿಗೆಲ್ಲ ಸಾಸಿವೆಯಂಥ ಕಣ್ಣು.

ಇನ್ನು ಹಳದಿ ಕೂದಲು. ಮಾಂಗಾ, ಅಂದರೆ ಜಪಾನಿನ ಕಾಮಿಕ್ಸ್, ಅಚ್ಚಾಗುವುದು ಹೆಚ್ಚಾಗಿ ಕಪ್ಪುಬಿಳುಪಿನಲ್ಲಿ. 'ಡ್ರ್ಯಾಗನ್ ಬಾಲ್' ಮಾಂಗಾದ ನಾಯಕ ಗೋಕುವಿನ ಕೂದಲಿಗೆ ಪ್ರತಿ ಚೌಕದಲ್ಲೂ ಕಪ್ಪು ತುಂಬುವ ಕೆಲಸ ಸಹಾಯಕನಿಗೆ ತಪ್ಪಲಿ ಎಂದೇ ಅವನ ಶಕ್ತಿ ಉಕ್ಕಿದಾಗಿನ 'ಸೂಪರ್ ಸೈಯಾನ್' ರೂಪದಲ್ಲಿ ಅದನ್ನು ಬಿಳಿಯಾಗಿ ಬಿಟ್ಟೆ ಎಂದು ಅದನ್ನು ಬರೆದ ತೊರಿಯಾಮಾ ಅಕಿರಾ ಹೇಳಿದ್ದರು. ಬಣ್ಣದ ಪುಟದಲ್ಲಿ ಅದು ಹೊಂಬಣ್ಣವಾಯಿತು. 'ಸೈಲರ್ ಮೂನ್' ಮಾಂಗಾದ ನಾಯಕಿ ಉಸಾಗಿಗೂ ಹೊಂಗೂದಲು, ಆದರೆ ಅವಳು ಟೋಕಿಯೋದ ಅಜಾಬು-ಜುಬಾನ್ ಬಡಾವಣೆಯ ಶಾಲಾ ಹುಡುಗಿ.

ನಾನು ತರಗತಿಯಲ್ಲಿ ಕೊಡುವ ಪರೀಕ್ಷೆ ಒಂದೇ. ಕಥೆಯೊಳಗೆ ಒಬ್ಬ ಅಮೆರಿಕನ್ ಬರುವ ಪುಟ ಹುಡುಕಿ. ಹೆಚ್ಚಿನ ಕಡೆ ಅಲ್ಲಿ ಥಟ್ಟನೆ ಮೂಗಿನ ದಿಂಡು ಏಳುತ್ತದೆ, ಗದ್ದ ಉದ್ದವಾಗುತ್ತದೆ, ಕಣ್ಣು ಹುಬ್ಬಿನಡಿಗೆ ಸರಿಯುತ್ತದೆ. ಪಕ್ಕದಲ್ಲಿ ನಿಂತ ನಾಯಕಿಗೆ ಮೂಗೆಂದರೆ ಒಂದು ಚುಕ್ಕೆ. ಗುರುತು ಹಚ್ಚಿದ್ದು ಹೊರಗಿನವನಿಗೆ, ಹಚ್ಚದೆ ಬಿಟ್ಟದ್ದು ತಮ್ಮವರಿಗೆ. ನಮ್ಮ ಮನೆಯ ಮಗು ಒಂದು ಸೊನ್ನೆ, ಎರಡು ಚುಕ್ಕೆ ಹಾಕಿ "ಅಪ್ಪ" ಎನ್ನುತ್ತದೆ. ಅಪ್ಪನ ಮೈಬಣ್ಣ ಎಲ್ಲಿ ಎಂದು ಯಾರೂ ಕೇಳುವುದಿಲ್ಲ. ಜಪಾನಿನ ಓದುಗನಿಗೂ ಆ ಖಾಲಿ ಮುಖ ತನ್ನವರದೇ ಮುಖ. ಅದನ್ನು ಬಿಳಿಯರ ಮುಖವೆಂದು ಓದುತ್ತಿರುವವರು ನಾವು.

ಹಾಗೆಂದು ಎಲ್ಲವೂ ಸರಿಯಿದೆ ಎನ್ನಲಾರೆ. ಕಪ್ಪು ಜನರಿಗೆ ದಪ್ಪ ತುಟಿಯ ಹಳೆಯ ಅಮೆರಿಕನ್ ವ್ಯಂಗ್ಯಚಿತ್ರದ ಮುಖವನ್ನೇ ಎಷ್ಟೋ ವರ್ಷ ಅಂಟಿಸಲಾಯಿತು. ತೆಜುಕಾ ಅವರ ಚಿತ್ರಗಳೂ ಇದಕ್ಕೆ ಹೊರತಲ್ಲ, ಅವರ ಪುಸ್ತಕಗಳ ಮರುಮುದ್ರಣಗಳಲ್ಲಿ ಈಗ ಆ ಬಗ್ಗೆ ಟಿಪ್ಪಣಿಯಿದೆ. 2019ರಲ್ಲಿ ನೂಡಲ್ಸ್ ಜಾಹೀರಾತೊಂದು ಕಂದು ಮೈಬಣ್ಣದ ಜಪಾನಿ ಟೆನಿಸ್ ಆಟಗಾರ್ತಿ ನವೋಮಿ ಒಸಾಕಾ ಅವರನ್ನು ಬೆಳ್ಳಗೆ ಬರೆದು, ಟೀಕೆ ಬಂದ ಮೇಲೆ ಹಿಂದೆ ಸರಿಯಿತು. ಬಿಳುಪಿನ ವ್ಯಾಮೋಹ ಅಲ್ಲಿಯೂ ಇದೆ. ಆದರೆ ಅದನ್ನು ಕಣ್ಣಿನ ಅಳತೆಯಲ್ಲಿ ಹುಡುಕಬೇಡಿ.

ನನಗೆ ನಿಜವಾಗಿ ಸಂಕಟವಾಗುವುದು ನಮ್ಮ ಮಕ್ಕಳು ಆ ಮುಖವನ್ನು ಹಾಗೆಯೇ ಎತ್ತಿಕೊಂಡು, ಕಂದು ಬಣ್ಣ ಸುರಿದು, "ಇವರು ನಮ್ಮವರು" ಎಂದಾಗ. ಕಳೆದ ವರ್ಷ ಒಬ್ಬ ಹುಡುಗಿ, ತುಂಬಾ ಚುರುಕಿನ ಹುಡುಗಿ, ತನ್ನ ಅಜ್ಜಿಯನ್ನು ಹಾಗೆ ಬರೆದು ತಂದಳು. ಅಜ್ಜಿಗೆ ಎರಡೂ ಹೊಳ್ಳೆಗೆ ಮೂಗುಬೊಟ್ಟು. ಚಿತ್ರದಲ್ಲಿ ಹೊಳ್ಳೆಯೇ ಇಲ್ಲ, ಇಟ್ಟ ಬೊಟ್ಟೇ ಮೂಗಿನ ಚುಕ್ಕೆಯಂತೆ ಕಾಣುತ್ತಿತ್ತು.

"ಸರ್, ಬೊಟ್ಟು ತೆಗೆದುಬಿಡಲಾ?" ಎಂದಳು.

"ಬೇಡಮ್ಮಾ, ಮೂಗು ಬರಿ" ಎಂದೆ.

ಅಜ್ಜಿಯ ಫೋಟೋ ಮುಂದಿಟ್ಟುಕೊಂಡು ಕೂತಳು. ಹೊಳ್ಳೆ ಅಗಲವಾದಂತೆ ಕಣ್ಣು ತಾನಾಗಿ ಕಿರಿದಾಯಿತು, ಕೆನ್ನೆಯ ಗೆರೆಯೂ ಬಂತು. ಬಲಗಡೆಯ ಬೊಟ್ಟು ಅಂದೇ ಕೂತಿತು. ಎಡಗಡೆಯದಕ್ಕೆ ಇನ್ನೊಂದು ವಾರ ಹಿಡಿಯಿತು.