44ನೇ ವಯಸ್ಸಿಗೆ ಐಟಿಐ ಸೇರಬಹುದಾ?

ಪ್ರಶ್ನೆ: ಹದಿನೆಂಟು ವರ್ಷ ಗಾರ್ಮೆಂಟ್ಸ್‌ನಲ್ಲಿ ದುಡಿದೆ. ಈಗ ಫ್ಯಾಕ್ಟರಿ ಮುಚ್ಚಿದೆ. ನನಗೆ 44. ಈ ವಯಸ್ಸಿಗೆ ಸರ್ಕಾರಿ ತರಬೇತಿ ಯಾರು ಕೊಡುತ್ತಾರೆ?

ಕೊಡುತ್ತಾರೆ ಅಕ್ಕ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವೇ ಇಲ್ಲ. ಆದರೂ ‘ನಲವತ್ತು ದಾಟಿದರೆ ಐಟಿಐಗೆ ಸೇರಿಸಿಕೊಳ್ಳಲ್ಲ’ ಅನ್ನುವ ಮಾತು ಊರೂರು ಸುತ್ತುತ್ತಲೇ ಇದೆ.

ಐಟಿಐ ಸೇರಲು ಕನಿಷ್ಠ 14 ವರ್ಷ ಆಗಿರಬೇಕು. ಗರಿಷ್ಠ ವಯಸ್ಸು ಅಂತ ಒಂದು ಇಲ್ಲವೇ ಇಲ್ಲ. ಸರ್ಕಾರಿ ಕೆಲಸದ ಅರ್ಜಿಯಲ್ಲಿ ಇರುವ ವಯೋಮಿತಿಯನ್ನು ಜನ ಸುಮ್ನೆ ತರಬೇತಿಗೂ ಅಂಟಿಸಿಬಿಟ್ಟಿದ್ದಾರೆ. ನಾನು ಪಾಠ ಮಾಡಿದ ವೆಲ್ಡರ್ ಬ್ಯಾಚಿನಲ್ಲಿ 46 ವರ್ಷದ ಒಬ್ಬರಿದ್ದರು. ಮೊದಲ ದಿನ ಅಟೆಂಡರ್ ಅವರನ್ನು ಯಾರದೋ ತಂದೆ ಅಂದುಕೊಂಡು ಆಫೀಸಿನ ಕಡೆ ಕಳಿಸಿದ್ದ. ವರ್ಷದ ಕೊನೆಗೆ ಇಡೀ ಬ್ಯಾಚಿನಲ್ಲಿ ಅವರಷ್ಟು ನೇರವಾಗಿ ಬೆಸುಗೆ ಹಾಕುವವರು ಇರಲಿಲ್ಲ. ಅದನ್ನು ಇವತ್ತಿಗೂ ಎಲ್ಲರಿಗೂ ಹೇಳುತ್ತೇನೆ.

ಮಿತಿ ಇರುವ ಕಡೆಯೂ ನಿಮಗೆ ಬಾಗಿಲು ಮುಚ್ಚಿಲ್ಲ. ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯ ಅಲ್ಪಾವಧಿ ಕೋರ್ಸಿಗೆ 45ರವರೆಗೆ ಅವಕಾಶ. 1982ರಲ್ಲಿ ಉಜಿರೆಯಲ್ಲಿ ಶುರುವಾದ, ಸ್ವಂತ ಉದ್ಯೋಗಕ್ಕೆ ತರಬೇತಿ ಕೊಡುವ ರುಡ್‌ಸೆಟ್ ಸಂಸ್ಥೆಯಲ್ಲಿ ಊಟ, ವಸತಿ, ತರಬೇತಿ ಎಲ್ಲ ಉಚಿತ. ಅಲ್ಲಿಯ ವಯೋಮಿತಿಯೊಳಗೂ ನೀವು ಬರುತ್ತೀರಿ.

ಇನ್ನೊಂದು ದಾರಿ, ಕಲಿತ ಕೆಲಸಕ್ಕೇ ಸರ್ಟಿಫಿಕೇಟ್ ಪಡೆಯುವುದು. ಅದೇ ಕೌಶಲ ಯೋಜನೆಯ ಆರ್‌ಪಿಎಲ್‌ನಲ್ಲಿ ನಿಮಗೆ ಬರುವ ಕೆಲಸವನ್ನೇ ಪರೀಕ್ಷಿಸಿ ಕೊಡುತ್ತಾರೆ. ಅದಕ್ಕೆ 59ರವರೆಗೆ ಅವಕಾಶ ಇದೆ. ಮೆಷಿನ್ ಸದ್ದು ಕೇಳಿಯೇ ಸೂಜಿ ಮೊಂಡಾಗಿದೆ ಅಂತ ಹೇಳುವ ಹೆಣ್ಣುಮಕ್ಕಳು ಅರ್ಜಿಯಲ್ಲಿ ‘ಕೌಶಲ: ಇಲ್ಲ’ ಅಂತ ಬರೆದು ತರುತ್ತಾರೆ. ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತದೆ.

ನೀವು ಕೇಳಿಲ್ಲ, ಆದರೂ ಕೇಳುತ್ತೇನೆ: ಫ್ಯಾಕ್ಟರಿಯವರು ರಾಜೀನಾಮೆ ಪತ್ರಕ್ಕೆ ಸಹಿ ಹಾಕಿಸಿಕೊಂಡರಾ? ಫ್ಯಾಕ್ಟರಿ ಮುಚ್ಚಿದರೆ ಸಾಮಾನ್ಯವಾಗಿ ವರ್ಷಕ್ಕೆ 15 ದಿನದ ಸಂಬಳ ಪರಿಹಾರವಾಗಿ ಬರಬೇಕು. ಹದಿನೆಂಟು ವರ್ಷಕ್ಕೆ 270 ದಿನದ್ದು. ಗ್ರಾಚ್ಯುಟಿ ಬೇರೆ. ರಾಜೀನಾಮೆ ಕೊಟ್ಟರೂ ಗ್ರಾಚ್ಯುಟಿ ಸಿಗುತ್ತದೆ, ಈ ಪರಿಹಾರ ಸಿಗುವುದಿಲ್ಲ. ‘ಸಹಿ ಹಾಕಿದರೆ ಪಿಎಫ್ ಬೇಗ ಬರುತ್ತದೆ’ ಅಂತ ಹೇಳಿ ಹಾಕಿಸುವುದು ಜಾಸ್ತಿ. ಹಾಕಿಲ್ಲದಿದ್ದರೆ ಹಾಕಬೇಡಿ. ಹಾಕಿಬಿಟ್ಟಿದ್ದರೆ ಸಂಬಳದ ಸ್ಲಿಪ್, ಇಎಸ್‌ಐ ಕಾರ್ಡ್, ಜೊತೆಗೆ ಕೆಲಸ ಮಾಡಿದ ನಾಲ್ಕು ಜನ ಎಲ್ಲರನ್ನೂ ಕರೆದುಕೊಂಡು ಈ ವಾರವೇ ಕಾರ್ಮಿಕ ಅಧಿಕಾರಿಯ ಹತ್ತಿರ ಹೋಗಿ. ಐಟಿಐ ಅರ್ಜಿ ಆಮೇಲೆ ಹಾಕಿದರೂ ನಡೆಯುತ್ತದೆ.