ಸ್ಟೋಯಿಕ್ ಅಂದರೆ ಕಲ್ಲುಮನಸ್ಸಲ್ಲ

"ಅವರು ತುಂಬಾ ಸ್ಟೋಯಿಕ್, ಅಪ್ಪ ತೀರಿಕೊಂಡಾಗಲೂ ಒಂದು ಹನಿ ಕಣ್ಣೀರು ಹಾಕಲಿಲ್ಲ." ಇಂಥ ಹೊಗಳಿಕೆ ಈಗೀಗ ಜಾಸ್ತಿಯಾಗಿದೆ. ಮುಖ ಬಿಗಿಹಿಡಿದರೂ ಸ್ಟೋಯಿಕ್, ಬೈಗುಳ ನುಂಗಿಕೊಂಡರೂ ಸ್ಟೋಯಿಕ್. ಆ ಪದವನ್ನು ಹೀಗೆ ಬಳಸುವುದು ದಯವಿಟ್ಟು ಸಾಕು.

ಗ್ರೀಕಿನಲ್ಲಿ 'ಸ್ಟೋವಾ' ಅಂದರೆ ಕಂಬಸಾಲಿನ ಪಡಸಾಲೆ. ಕ್ರಿ.ಪೂ. 300ರ ಆಸುಪಾಸಿನಲ್ಲಿ ಸೈಪ್ರಸ್‌ನಿಂದ ಬಂದ ಜೀನೊ ಎಂಬ ತತ್ವಜ್ಞಾನಿ, ಅಥೆನ್ಸಿನ ಪೇಟೆಚೌಕದ ಅಂಚಿನಲ್ಲಿದ್ದ ಚಿತ್ರಗಳ ಪಡಸಾಲೆಯಲ್ಲಿ ಪಾಠ ಹೇಳುತ್ತಿದ್ದ. ಅಲ್ಲಿ ಸೇರುತ್ತಿದ್ದವರಿಗೆ ಆ ಜಾಗದ ಹೆಸರೇ ಅಂಟಿಕೊಂಡು, ಅವರು ಸ್ಟೋಯಿಕರಾದರು.

ಗೊಂದಲ ಹುಟ್ಟಿದ್ದು ಅವರ ಇನ್ನೊಂದು ಪದದಿಂದ: 'ಅಪಾಥೆಯಾ'. ಇದನ್ನು 'ಭಾವನೆಯೇ ಇಲ್ಲದ ಸ್ಥಿತಿ' ಅಂತ ಓದಿಕೊಂಡರೆ ಎಲ್ಲವೂ ಕೆಡುತ್ತದೆ. ಅವರು ಬೇಡವೆಂದದ್ದು ತಪ್ಪು ತೀರ್ಮಾನದಿಂದ ಹುಟ್ಟುವ ಭಾವಗಳನ್ನು: ಕೋಪ, ಭಯ, ಹೊಟ್ಟೆಕಿಚ್ಚು. ಸಂತೋಷ, ಎಚ್ಚರ, ಇನ್ನೊಬ್ಬರಿಗೆ ಒಳ್ಳೆಯದಾಗಲಿ ಎಂಬ ಬಯಕೆ, ಇವೆಲ್ಲ ಅವರಿಗೆ ಬೇಕಾದ ಭಾವಗಳೇ.

ರೋಮನ್ ಲೇಖಕ ಆಲಸ್ ಗೆಲಿಯಸ್ ಹೇಳುವ ಒಂದು ಪ್ರಸಂಗವಿದೆ. ಬಿರುಗಾಳಿಗೆ ಸಿಕ್ಕ ಹಡಗಿನಲ್ಲಿ ಒಬ್ಬ ಸ್ಟೋಯಿಕ್ ಗುರುವಿನ ಮುಖ ಬಿಳಿಚಿಕೊಂಡಿತು. ಗಾಳಿ ನಿಂತ ಮೇಲೆ ಒಬ್ಬ ಶ್ರೀಮಂತ ಅವನನ್ನು ಹಂಗಿಸಿದ. ಆಮೇಲೆ ಅದೇ ಹಡಗಿನಲ್ಲಿದ್ದ ಗೆಲಿಯಸ್ ವಿನಯದಿಂದ ಕಾರಣ ಕೇಳಿದಾಗ, ಗುರು ತನ್ನ ಚೀಲದಿಂದ ಸ್ಟೋಯಿಕ್ ತತ್ವಜ್ಞಾನಿ ಎಪಿಕ್ಟೆಟಸ್‌ನ ಪುಸ್ತಕ ತೆಗೆದು ತೋರಿಸಿದ. ಅದರಲ್ಲಿದ್ದದ್ದು ಇಷ್ಟು: ಮೊದಲ ನಡುಕ ತಿಳಿದವನಿಗೂ ಬರುತ್ತದೆ, ಅದು ಯಾರ ಕೈಯಲ್ಲೂ ಇಲ್ಲ. ಆದರೆ 'ಹೌದು, ಇದು ಘೋರ' ಎಂದು ಅದಕ್ಕೆ ಮನಸ್ಸು ಒಪ್ಪಿಗೆ ಕೊಡುತ್ತದೋ ಇಲ್ಲವೋ, ವ್ಯತ್ಯಾಸ ಇರುವುದು ಅಲ್ಲಿ. ರೋಮಿನ ಸ್ಟೋಯಿಕ್ ಲೇಖಕ ಸೆನೆಕಾ ಕೋಪದ ಬಗ್ಗೆ ಬರೆಯುವಾಗಲೂ ಇದನ್ನೇ ಹೇಳುತ್ತಾನೆ.

ಕಚೇರಿಯಲ್ಲಿ ಎಲ್ಲರ ಎದುರು ನಿಮ್ಮ ಕೆಲಸದ ತಪ್ಪು ಎತ್ತಿ ತೋರಿಸಿದರು ಅಂದುಕೊಳ್ಳಿ. ಮುಖ ಬಿಸಿಯಾಗುತ್ತದೆ. ಆಗಲಿ. "ಬೇಕಂತಲೇ ಅವಮಾನ ಮಾಡಿದರು" ಎನ್ನುವ ಮಾತು ಒಳಗೆ ಏಳುವುದು ಅದರ ನಂತರ. ಸ್ಟೋಯಿಕರ ಅಭ್ಯಾಸವೆಲ್ಲ ಈ ಮಾತನ್ನು ಹಿಡಿದು ನಿಲ್ಲಿಸುವುದು. ನಿಜವಾ? ತಪ್ಪು ಆಗಿತ್ತಾ? ಆಗಿದ್ದರೆ ತಿದ್ದಬಹುದಲ್ವಾ? ಹಲ್ಲು ಕಚ್ಚಿಕೊಂಡು ಸುಮ್ಮನಿದ್ದು, ರಾತ್ರಿಯೆಲ್ಲ ಒಳಗೇ ಕುದಿಯುವವರು ಈ ಕೆಲಸವನ್ನು ಶುರುವೇ ಮಾಡಿಲ್ಲ.

'ನಮ್ಮ ಕೈಲಿ ಏನೂ ಇಲ್ಲ ಬಿಡು' ಅನ್ನುವುದನ್ನೂ ಸ್ಟೋಯಿಕ್ ಅನ್ನುತ್ತಾರೆ. ಅದೂ ತಪ್ಪು. ದೇಹ, ಆಸ್ತಿ, ಹೆಸರು, ಅಧಿಕಾರ ನಮ್ಮ ವಶದಲ್ಲಿಲ್ಲ ಎಂದ ಎಪಿಕ್ಟೆಟಸ್, ನಮ್ಮ ತೀರ್ಮಾನ, ಬಯಕೆ, ಪ್ರಯತ್ನ ಪೂರ್ತಿ ನಮ್ಮವು ಎಂದೂ ಅಷ್ಟೇ ಗಟ್ಟಿಯಾಗಿ ಹೇಳಿದ. ಸಂದರ್ಶನದಲ್ಲಿ ಆಯ್ಕೆ ಮಾಡುವವರು ಬೇರೆಯವರು. ತಯಾರಿ ಮಾಡಿಕೊಳ್ಳದೆ ಹೋದರೆ ಅದರ ಹೊಣೆ ನಿಮ್ಮದೇ.